ಕುಕ್ಕರಹಳ್ಳಿ ಕೆರೆಯ ಚಳಿಗಾಲದ ಹಕ್ಕಿ ನಡಿಗೆ: ದುಡ್ಡು ಕೊಟ್ಟು ಹೋಗಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಬಾತುಗಳ ದೊಡ್ಡ ಹಿಂಡು ನೋಡಬೇಕು ಅಂತ ಆಸೆ ಇಟ್ಟುಕೊಂಡು ಈ ನಡಿಗೆಗೆ ಹೋಗಬೇಡಿ. ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಚಳಿಗಾಲದಲ್ಲಿ ಬರುವ ಅತಿಥಿಗಳು ನೀರಿಗಿಂತ ಜಾಸ್ತಿ ಇರುವುದು ದಂಡೆಯ ಮರಗಳಲ್ಲಿ, ಪೊದೆಗಳಲ್ಲಿ. ಅದು ಗೊತ್ತಿಲ್ಲದವರು ಎರಡು ಗಂಟೆ ನೀರನ್ನೇ ನೋಡಿ, ‘ಹೆಜ್ಜಾರ್ಲೆ (ಪೆಲಿಕನ್) ಬಿಟ್ಟರೆ ಇನ್ನೇನೂ ಇಲ್ಲಪ್ಪ’ ಅಂತ ಮನೆಗೆ ಹೋಗುತ್ತಾರೆ. ಗೊತ್ತಿರುವವರ ಜೊತೆ ಹೋದರೆ, ಅದೇ ಎರಡು ಗಂಟೆಯಲ್ಲಿ, ಸೈಬೀರಿಯಾ ಕಡೆಯಿಂದ ಹಾರಿ ಬಂದ, ಹತ್ತು ಗ್ರಾಂ ಕೂಡ ತೂಗದ ಒಂದು ಹಕ್ಕಿ ನಿಮ್ಮ ತಲೆ ಮೇಲಿನ ಹೊಂಗೆ ಮರದಲ್ಲೇ ಕೂಗುತ್ತಿದೆ ಅನ್ನೋದು ಗೊತ್ತಾಗುತ್ತದೆ. ದುಡ್ಡು ಕೊಡುವುದು ಅದಕ್ಕೇ.

ನಾನು ಹೋಗಿದ್ದು ಮೈಸೂರಿನದೇ ಒಂದು ಸಣ್ಣ ತಂಡ ನಡೆಸುವ ಭಾನುವಾರದ ನಡಿಗೆಗೆ. ಹೆಸರು ಹಾಕುತ್ತಿಲ್ಲ. ಕೆಳಗೆ ಒಂದೆರಡು ದೂರೂ ಇದೆ, ಪಾಪ ಸಣ್ಣ ತಂಡ, ಮೇಲಾಗಿ ಈ ಥರದ ನಡಿಗೆ ನಡೆಸುವವರು ಊರಲ್ಲಿ ಇನ್ನೂ ಇದ್ದಾರೆ, ಯಾರ ಜೊತೆ ಹೋದರೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ. ತಿಂಡಿ ಸೇರಿ ಸಾವಿರದೊಳಗೆ ಮುಗಿಯುತ್ತದೆ, ಮಕ್ಕಳಿಗೆ ಅರ್ಧ. ಬೈನಾಕ್ಯುಲರ್ ಬೇಕಂದರೆ ಬಾಡಿಗೆ ಬೇರೆ. ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ಸೇರಬೇಕು, ಒಂಬತ್ತರ ಹೊತ್ತಿಗೆ ತಿಂಡಿ.

ಕೆರೆಯ ಬಗ್ಗೆ ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಎರಡು ಮಾತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಇದು. ಆಗ ಊರ ಹೊರಗಿತ್ತು, ಹೊಲಗದ್ದೆಗಳಿಗೆ ನೀರು ಕೊಡುವುದಕ್ಕೆ ಅಂತ ಏರಿ ಕಟ್ಟಿದ್ದು. ಈಗ ಊರೇ ಸುತ್ತ ಬೆಳೆದಿದೆ. ಒಂದು ಕಡೆ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿ, ಇನ್ನೊಂದು ಕಡೆ ಹುಣಸೂರು ರಸ್ತೆ, ಮತ್ತೊಂದು ಕಡೆ ಬೋಗಾದಿ ರಸ್ತೆ. ಕೆರೆ ಇರುವುದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿ. ಸುತ್ತ ಒಂದು ಸುತ್ತು ಹಾಕಿದರೆ ಹೆಚ್ಚುಕಮ್ಮಿ 5 ಕಿಲೋಮೀಟರ್ ಆಗುತ್ತದೆ. ಕುವೆಂಪು ನಡೆದಾಡಿದ ದಾರಿ ಅಂತ ಪ್ರತಿಯೊಬ್ಬ ಮೈಸೂರಿಗರೂ ನಿಮಗೆ ಹೇಳುತ್ತಾರೆ, ಹೇಳಲಿ ಬಿಡಿ, ನಿಜವೇ.

ಈ ನಡಿಗೆಯಲ್ಲಿ ಪೂರ್ತಿ ಸುತ್ತು ಹಾಕುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಕೈಗೆ ಸ್ಟೆಪ್ ಎಣಿಸುವ ವಾಚ್ ಕಟ್ಟಿಕೊಂಡು ಬಂದಿದ್ದರು, ಅವರಿಗೆ ಸಿಕ್ಕಾಪಟ್ಟೆ ನಿರಾಸೆ. ಮೊದಲ ಅರ್ಧ ಗಂಟೆಯಲ್ಲಿ ನಾವು ಗೇಟು ಕಣ್ಣಿಗೆ ಕಾಣುವಷ್ಟು ದೂರವೂ ದಾಟಿರಲಿಲ್ಲ. ಮಾರ್ಗದರ್ಶಕರು ನಾಲ್ಕು ಹೆಜ್ಜೆ ಹಾಕೋದು, ನಿಲ್ಲೋದು. ಕೈ ಎತ್ತಿ ಸುಮ್ಮನಿರಿ ಅನ್ನೋದು. ಮತ್ತೆ ನಾಲ್ಕು ಹೆಜ್ಜೆ. ಇದು ನಿಮಗೆ ಆಗಿಬರಲ್ಲ ಅಂದರೆ ಸುಮ್ನೆ ವಾಕಿಂಗ್ ಮಾಡಿ, ಅದಕ್ಕೂ ಇಷ್ಟು ಒಳ್ಳೆಯ ಜಾಗ ಊರಲ್ಲಿ ಕಡಿಮೆ.

ಆದರೆ ಹಾಗೆ ನಿಂತ ಒಂದು ಕಡೆ ಆಗಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏರಿಯ ಪಕ್ಕ ಒಂದು ಹೊಂಗೆ ಮರ. ಒಳಗಿನಿಂದ ‘ಚಿಲೀ... ಚಿಲೀ’ ಅಂತ ತೆಳ್ಳಗೆ, ಎರಡೇ ಅಕ್ಷರದ ಕೂಗು. ನಾವೆಲ್ಲ ಗುಬ್ಬಚ್ಚಿ ಇರಬೇಕು ಅಂದುಕೊಂಡು ಮುಂದೆ ಹೆಜ್ಜೆ ಇಟ್ಟಾಗಿತ್ತು, ಮಾರ್ಗದರ್ಶಕರು ಕದಲಲಿಲ್ಲ. ‘ಎಲೆಯ ಕೆಳಗಡೆ ನೋಡಿ, ಮೇಲೆ ಅಲ್ಲ’ ಅಂದರು. ನೋಡುತ್ತಾ ನಿಂತರೆ ಮೊದಲು ಏನೂ ಇಲ್ಲ, ಆಮೇಲೆ ಒಂದು ಎಲೆ ಗಾಳಿ ಇಲ್ಲದೆ ಅಲ್ಲಾಡಿತು. ಅದರ ಅಡಿಯಿಂದ ಹಸಿರು ಮಿಶ್ರಿತ ಬೂದು ಬಣ್ಣದ ಪುಟ್ಟ ಹಕ್ಕಿ ಹೊರಗೆ ಬಂತು. ಕಣ್ಣಿನ ಮೇಲೆ ತಿಳಿ ಹಳದಿಯ ಉದ್ದ ಹುಬ್ಬು, ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ, ಅದೂ ಬಿಸಿಲು ಬಿದ್ದರೆ ಮಾತ್ರ ಕಾಣುವಂಥದ್ದು. ಎರಡು ಸೆಕೆಂಡು ಒಂದು ಕಡೆ ಕೂರುವುದಿಲ್ಲ. ಎಲೆ ಕೆಳಗಿನ ಹುಳ ಕಿತ್ತುಕೊಳ್ಳೋದು, ರೆಕ್ಕೆ ಫಕ್ಕನೆ ಬಡಿಯೋದು, ಇನ್ನೊಂದು ಎಲೆಗೆ ಹಾರೋದು.

ಇದು ಹಸಿರು ಎಲೆ ಉಲಿಯಕ್ಕಿ, ಇಂಗ್ಲಿಷಿನಲ್ಲಿ ಗ್ರೀನಿಶ್ ವಾರ್ಬ್ಲರ್. ಬೇಸಿಗೆಯಲ್ಲಿ ಪೂರ್ವ ಯುರೋಪಿನಿಂದ ಸೈಬೀರಿಯಾದವರೆಗಿನ ಕಾಡುಗಳಲ್ಲಿ ಮರಿ ಮಾಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದು, ಏಪ್ರಿಲ್‌ವರೆಗೆ ಇಲ್ಲೇ. ನನಗೆ ಹೊಸದಾಗಿ ಕಂಡಿದ್ದು ಏನಂದರೆ, ಬಂದ ಮೇಲೆ ಅದು ಇಡೀ ಊರು ಸುತ್ತುವುದಿಲ್ಲವಂತೆ. ಒಂದಷ್ಟು ಮರಗಳನ್ನು ತನ್ನದು ಮಾಡಿಕೊಂಡು ಚಳಿಗಾಲ ಪೂರ್ತಿ ಕಾಯುತ್ತದೆ, ಆ ‘ಚಿಲೀ’ ಅನ್ನುವ ಕೂಗೇ ಅದರ ಬೇಲಿ. ಇನ್ನೊಂದು ಉಲಿಯಕ್ಕಿ ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಅದಕ್ಕೇ ಒಂದು ಮರ ದಾಟಿ ಇನ್ನೊಂದು ಮರಕ್ಕೆ ಬಂದಾಗ ಬೇರೆ ಹಕ್ಕಿಯ ಕೂಗು ಶುರುವಾಗುತ್ತದೆ. ಇದನ್ನು ಒಮ್ಮೆ ತಿಳಿದುಕೊಂಡ ಮೇಲೆ ಏರಿ ಮೇಲೆ ಸುಮ್ಮನೆ ನಡೆಯುವುದಕ್ಕೆ ಆಗುವುದಿಲ್ಲ. ಎಲ್ಲಿ ನೋಡಿದರೂ ‘ಚಿಲೀ’. ಇಷ್ಟು ವರ್ಷ ಇದೇ ಊರಲ್ಲಿದ್ದು ಕಿವಿಗೆ ಬೀಳದೆ ಇದ್ದಿದ್ದಾದರೂ ಹೇಗೆ ಅನ್ನಿಸುತ್ತದೆ. ನಮ್ಮ ಮನೆಯ ಹಿಂದಿನ ಬೇವಿನ ಮರದಲ್ಲೂ ಒಂದು ಇದೆ ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ತಮಾಷೆ. ಕೆರೆಗೆ ಬಂದವರೆಲ್ಲ ಹೆಜ್ಜಾರ್ಲೆ ತೋರಿಸಿ ಮಕ್ಕಳಿಗೆ ‘ನೋಡು ಪುಟ್ಟ, ಫಾರಿನ್ ಹಕ್ಕಿ’ ಅನ್ನುತ್ತಾರೆ. ಅಂದು ನಮ್ಮ ಪಕ್ಕದಲ್ಲೇ ಒಬ್ಬ ತಾತ ಅದು ಆಸ್ಟ್ರೇಲಿಯಾದಿಂದ ಬಂದದ್ದು ಅನ್ನುವವರೆಗೂ ಹೋಗಿದ್ದರು. ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ ಪಕ್ಕಾ ನಮ್ಮ ಕಡೆಯ ಹಕ್ಕಿ. ಕೊಕ್ಕರೆ ಬೆಳ್ಳೂರಲ್ಲಿ, ರಂಗನತಿಟ್ಟಿನಲ್ಲಿ ಗೂಡು ಕಟ್ಟಿ ಮರಿ ಮಾಡುವಂಥದ್ದು, ನೀರು, ಮೀನು ನೋಡಿಕೊಂಡು ಆ ಕೆರೆಯಿಂದ ಈ ಕೆರೆಗೆ ಓಡಾಡುತ್ತದೆ ಅಷ್ಟೇ. ಬಣ್ಣದ ಕೊಕ್ಕರೆಯೂ ಹಾಗೇ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ದಾಟುವ ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿಗಳು ಊರಿನವು, ನಿಜವಾದ ಫಾರಿನ್ನು ಎಲೆ ಮರೆಯಲ್ಲಿ, ಅದರ ಕಡೆ ಯಾರೂ ತಲೆ ಎತ್ತಿ ನೋಡಲ್ಲ. ಮಾರ್ಗದರ್ಶಕರು ಇದನ್ನು ಯಾರಿಗೂ ಬೇಜಾರಾಗದ ಹಾಗೆ, ನಗುನಗುತ್ತಾ ಹೇಳಿದರು. ತಾತನೂ ನಮ್ಮ ಗುಂಪಿನ ಜೊತೆ ಸ್ವಲ್ಪ ದೂರ ಬಂದರು, ತಂಡದವರು ಅವರ ಹತ್ತಿರ ದುಡ್ಡು ಕೇಳಲಿಲ್ಲ. ಅದು ನನಗೆ ಇಷ್ಟವಾಯಿತು.

ಹಾಗಂತ ಹೆಜ್ಜಾರ್ಲೆ ಬೋರು ಅಂತಲ್ಲ. ತಂಡದ ಹತ್ತಿರ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಒಂದು ದೂರದರ್ಶಕ ಇದೆ, ಅದರಲ್ಲಿ ಒಬ್ಬೊಬ್ಬರಾಗಿ ನೋಡಿಸುತ್ತಾರೆ. ನಡುಗಡ್ಡೆಯ ಮರದಲ್ಲಿ ಕೂತಿದ್ದ ಹೆಜ್ಜಾರ್ಲೆಯ ಮೇಲುಕೊಕ್ಕಿನ ಅಂಚಿನಲ್ಲಿ ಮಸಿಯ ಚುಕ್ಕೆಗಳು ಸಾಲಾಗಿ ಇರುವುದು, ಕೆಳಗೆ ಚೀಲ ಉಸಿರಿಗೆ ತಕ್ಕಂತೆ ಅಲುಗುವುದು, ಎಲ್ಲಾ ಕೈಗೆ ಸಿಗುವ ಹಾಗೆ ಕಾಣುತ್ತದೆ. ಮಕ್ಕಳು ಆ ಸ್ಟ್ಯಾಂಡ್ ಬಿಟ್ಟು ಕದಲಲಿಲ್ಲ. ಹಾವಕ್ಕಿಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಾ ಕೂತಿದ್ದವು, ನೀರುಕಾಗೆಗಳೂ ಅದೇ ಕೆಲಸದಲ್ಲಿ. ಇರುಳು ಬಕಗಳು ರಾತ್ರಿ ಪಾಳಿ ಮುಗಿಸಿ ನಡುಗಡ್ಡೆಗೆ ವಾಪಸ್ ಬರುತ್ತಿದ್ದವು. ಗುಳುಮುಳುಕ, ನಾಮದ ಕೋಳಿ, ನೇರಳೆ ಜಂಬುಕೋಳಿ, ಇವೆಲ್ಲ ಇದ್ದೇ ಇವೆ.

ನೀರಿನ ಕಡೆ ನನಗೆ ಅತಿ ಇಷ್ಟವಾಗಿದ್ದು ಬಾಯ್ಕಳಕ ಕೊಕ್ಕರೆ. ಮೇಲುಕೊಕ್ಕು, ಕೆಳಕೊಕ್ಕು ತುದಿಯಲ್ಲಿ ಕೂಡುತ್ತವೆ, ನಡುವೆ ಮಾತ್ರ ಆಚೆಗೆ ಕಾಣುವಂಥ ಸಂದು. ಕೆಸರಿನಿಂದ ಒಂದು ಬಸವನಹುಳು ಎತ್ತಿತು. ಚಿಪ್ಪು ಒಡೆಯುತ್ತದೆ ಅಂದುಕೊಂಡರೆ ಇಲ್ಲ. ನೆಲಕ್ಕೆ ಒತ್ತಿ ಹಿಡಿದು, ಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ, ತಲೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಒಳಗಿನ ಹುಳುವನ್ನು ಎಳೆದುಕೊಂಡು ನುಂಗಿತು. ಚಿಪ್ಪು ಅಲ್ಲೇ ಬಿದ್ದಿತ್ತು, ಪೂರ್ತಿಯಾಗಿ. ಅಷ್ಟು ಹೊತ್ತು ನಮ್ಮಲ್ಲಿ ಯಾರೂ ಫೋನ್ ತೆಗೆಯಲಿಲ್ಲ, ಅದೊಂದು ಆಶ್ಚರ್ಯ.

ಬಾತುಗಳ ವಿಷಯಕ್ಕೆ ಬರೋಣ, ಯಾಕಂದರೆ ಬುಕಿಂಗ್ ಪೋಸ್ಟರಿನಲ್ಲಿ ಸೂಜಿಬಾಲದ ಬಾತಿನ ದೊಡ್ಡ ಫೋಟೋ ಹಾಕಿದ್ದಾರೆ. ಅದು ಸರಿಯಲ್ಲ. ನಾವು ಹೋದ ದಿನ ಊರಿನ ಚುಕ್ಕೆ ಕೊಕ್ಕಿನ ಬಾತು ಒಂದೆರಡು ಜೋಡಿ, ಆಚೆ ದಡದ ಜೊಂಡಿನ ಹತ್ತಿರ ಬಿಳಿಹುಬ್ಬಿನ ಬಾತಿನ ಸಣ್ಣ ಗುಂಪು, ಅಷ್ಟೇ. ನಾನು ಬೇರೆ ಚಳಿಗಾಲಗಳಲ್ಲಿ ಸ್ವಂತವಾಗಿ ಹೋದಾಗಲೂ ಹೆಚ್ಚುಕಮ್ಮಿ ಇಷ್ಟೇ ಕಂಡಿದ್ದು. ಕಾರಣ ಯೋಚಿಸಿದರೆ ಹೊಳೆಯುತ್ತದೆ. ಈ ಬಾತುಗಳು ಮುಳುಗಿ ಮೇಯುವುದಿಲ್ಲ, ತಲೆ ಕೆಳಗೆ ಮಾಡಿ ಹಿಂಭಾಗ ಮೇಲೆತ್ತಿ ಎಟಕುವಷ್ಟು ಆಳದಲ್ಲೇ ಮೇಯಬೇಕು. ಅಂದರೆ ತೆಳು ನೀರು, ಕೆಸರು ದಂಡೆ ಬೇಕು, ಗಲಾಟೆ ಇರಬಾರದು. ಕುಕ್ಕರಹಳ್ಳಿಯಲ್ಲಿ ಏರಿ ಕಡೆ ನೀರು ಆಳ, ಸುತ್ತಲೂ ಬೆಳಗಿನಿಂದ ಜನ. ಬಾತಿಗೆ ಬೇರೆ ಕೆರೆ ಬೇಕಾದಷ್ಟಿವೆ, ಇಲ್ಲೇ ಯಾಕೆ ಕೂತಾವು? ಪೋಸ್ಟರ್ ಬದಲಾಯಿಸಿ, ಉಲಿಯಕ್ಕಿ ಫೋಟೋ ಹಾಕಿ ಅಂತ ಅವರಿಗೇ ಹೇಳಿದೆ. ಉಲಿಯಕ್ಕಿ ಫೋಟೋ ನೋಡಿ ಯಾರು ಬರ್ತಾರೆ ಸಾರ್ ಅಂದರು. ಅದೂ ಹೌದು.

ಬಾತಲ್ಲದೆ ನೀರಿಗೆ ಬರುವ ಬೇರೆ ಅತಿಥಿಗಳಿವೆ, ಅವು ಸಣ್ಣವು, ಒಂಟಿ ಒಂಟಿ. ಏರಿಯ ಕಲ್ಲುಕಟ್ಟಡದ ಅಂಚಿನಲ್ಲಿ ಒಂದು ಗದ್ದೆಗೊರವ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ನಾವು ಹತ್ತಿರವಾದರೆ ನೀರಿಗೆ ತಾಗುವಷ್ಟು ಕೆಳಗೆ ಹಾರಿ, ಮುಂದಿನ ಕಲ್ಲಿನ ಮೇಲೆ ಕೂತು ಮತ್ತೆ ಅದೇ ಕುಣಿತ. ತೂಬಿನ ಹತ್ತಿರ ಹಳದಿ ಹೊಟ್ಟೆಯ ಬೂದು ಸಿಪಿಲೆ. ನೀರಿನ ಮೇಲೆ ಕವಲುತೋಕೆಗಳು, ಮೀಸೆ ರೀವಗಳು. ಒಂದು ಸಲ ಜೊಂಡಿನ ಮೇಲೆ ಜೌಗು ಸೆಳೆವ ಅನ್ನುವ ಬೇಟೆಹಕ್ಕಿ ತೇಲಿ ಬಂತು, ರೆಕ್ಕೆ ಸ್ವಲ್ಪ ಮೇಲೆ ಎತ್ತಿಕೊಂಡು ನಿಧಾನಕ್ಕೆ. ಅಲ್ಲಿವರೆಗೆ ಆರಾಮಾಗಿದ್ದ ನಾಮದ ಕೋಳಿಗಳೆಲ್ಲ ಒಟ್ಟಿಗೆ ನೀರು ಚಿಮ್ಮಿಸಿಕೊಂಡು ಓಡಿದವು. ಅದನ್ನು ನೋಡಿದ ಒಂದು ಮಗು ಜೋರಾಗಿ ಚಪ್ಪಾಳೆ ತಟ್ಟಿತು, ಯಾರೂ ಗದರಲಿಲ್ಲ.

ಪೊದೆ ಕಡೆಯ ಕಥೆ ಇನ್ನೊಂದು ಇದೆ. ಮಾನಸಗಂಗೋತ್ರಿ ಕಡೆಯ ದಾರಿಯಲ್ಲಿ ಬಿದಿರು, ಪೊದೆ ಜಾಸ್ತಿ. ಅಲ್ಲಿ ‘ಚಕ್... ಚಕ್’ ಅಂತ ನಾಲಿಗೆ ಲೊಟಕಿಸಿದ ಸದ್ದು ಬರುತ್ತಿದ್ದರೆ ಅದು ಬ್ಲಿತ್‌ನ ಜೊಂಡು ಉಲಿಯಕ್ಕಿ. ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಮರಿ ಮಾಡುವ ಹಕ್ಕಿ, ಚಳಿಗಾಲಕ್ಕೆ ನಮ್ಮ ಲಂಟಾನಾ ಪೊದೆ. ಸದ್ದು ಕೇಳಿಸುತ್ತದೆ, ಕಾಣುವುದಿಲ್ಲ. ಕಂಡರೂ ಕಂದು ಬಣ್ಣ, ಹೇಳಿಕೊಳ್ಳುವಂಥದ್ದೇನಿಲ್ಲ. ಮಾರ್ಗದರ್ಶಕರಿಗೆ ಮಾತ್ರ ಅದರ ಮೇಲೆ ಎಲ್ಲಿಲ್ಲದ ಪ್ರೀತಿ, ಇಲ್ಲಿ ಸ್ವಲ್ಪ ಅತಿಯಾಯಿತು ಅಂತ ನನಗನ್ನಿಸಿತು, ಒಂದು ಕಂದು ಹಕ್ಕಿಗಾಗಿ ಅಷ್ಟು ಹೊತ್ತು ಪೊದೆ ಮುಂದೆ ನಿಂತರೆ ಹೊಸಬರು ಆಕಳಿಸದೆ ಇನ್ನೇನು ಮಾಡುತ್ತಾರೆ? ಅದೇ ದಾರಿಯಲ್ಲಿ ಬೂದು ಕಾಜಾಣ ಸಿಕ್ಕಿತು, ಕೆಂಪು ಕಣ್ಣು ಚೆನ್ನಾಗಿ ಕಂಡಿತು. ಕಂದು ನೊಣಹಿಡುಕ ಒಂದು ಒಣಗಿದ ಕೊಂಬೆಯಿಂದ ಹಾರಿ, ಹುಳ ಹಿಡಿದು, ಅದೇ ಕೊಂಬೆಯ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಫೋಟೋ ಕಲಿಯುವವರಿಗೆ ಇದಕ್ಕಿಂತ ಸುಲಭದ ಹಕ್ಕಿ ಇಲ್ಲ. ಒಂದು ರಾಜಹಕ್ಕಿ ಬಿದಿರಿನ ಮೇಲಿಂದ ದಾಟಿತು, ಕೆಂಗಂದು ಬಣ್ಣದ್ದು, ಉದ್ದ ಬಾಲ ಇರಲಿಲ್ಲ.

ನವರಂಗ ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಹಿಮಾಲಯದ ತಪ್ಪಲು, ಮಧ್ಯ ಭಾರತ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇತ್ತ ಬರುವ ಬಣ್ಣಬಣ್ಣದ ಹಕ್ಕಿ ಅದು, ಪೊದೆ ಅಡಿಯ ತರಗೆಲೆ ಕೆದಕಿಕೊಂಡು ಇರುತ್ತದೆ, ಬೆಳಗಿನ ಜಾವ ಮತ್ತು ಮುಸ್ಸಂಜೆ ಎರಡು ಸ್ವರದಲ್ಲಿ ಶಿಳ್ಳೆ ಹಾಕುತ್ತದೆ. ನಮಗೆ ಕಾಣಲಿಲ್ಲ. ಗುಂಪಿನಲ್ಲಿ ಒಬ್ಬರು, ದೊಡ್ಡ ಲೆನ್ಸಿನವರು, ಫೋನಲ್ಲಿ ಅದರ ಕೂಗು ಹಾಕಿ ಕರೆಯೋಣ ಅಂದರು. ಮಾರ್ಗದರ್ಶಕರು ಬೇಡವೇ ಬೇಡ ಅಂದುಬಿಟ್ಟರು. ಕೂಗು ಹಾಕಿದರೆ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತು ಅಂದುಕೊಂಡು ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ, ದಿನಾ ಹತ್ತು ಜನ ಹೀಗೆ ಮಾಡಿದರೆ ಅದರ ಗತಿ ಏನು? ದುಡ್ಡು ಕೊಟ್ಟ ಗಿರಾಕಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ಸುಲಭ ಅಲ್ಲ. ಈ ಒಂದು ವಿಷಯಕ್ಕೇ ನಾನು ಈ ತಂಡವನ್ನು ಇನ್ನೊಬ್ಬರಿಗೆ ಹೇಳುತ್ತೇನೆ.

ಇನ್ನು ದೂರುಗಳು.

ಬಾಡಿಗೆ ಬೈನಾಕ್ಯುಲರ್ ಕೆಟ್ಟದಾಗಿತ್ತು. ನನಗೆ ಕೊಟ್ಟದ್ದರಲ್ಲಿ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಒಂದರ ಮೇಲೊಂದು ಕೂರುತ್ತಿರಲಿಲ್ಲ. ಯಾವಾಗಲೋ ಕೆಳಗೆ ಬಿದ್ದು ಒಳಗಿನ ಗಾಜು ಕದಲಿರಬೇಕು. ಹತ್ತು ನಿಮಿಷ ನೋಡಿದರೆ ತಲೆನೋವು. ಹೇಳಿದ ತಕ್ಷಣ ಬದಲಾಯಿಸಿಕೊಟ್ಟರು, ಆದರೆ ಬದಲಿಗೆ ಕೊಟ್ಟದ್ದರ ಫೋಕಸ್ ಚಕ್ರ ತಿರುಗಿಸುವುದೇ ಒಂದು ವ್ಯಾಯಾಮ. ಉಲಿಯಕ್ಕಿ ಎರಡು ಸೆಕೆಂಡಿನಲ್ಲಿ ಎಲೆ ಬದಲಾಯಿಸುವಾಗ ಗಟ್ಟಿ ಚಕ್ರ ಇಟ್ಟುಕೊಂಡು ಏನು ಮಾಡುವುದು? ಸ್ನೇಹಿತರ ಹತ್ತಿರ ಇದ್ದರೆ ಕೇಳಿ ತೆಗೆದುಕೊಂಡು ಹೋಗಿ. ಹೊಸದು ಕೊಳ್ಳುವುದಾದರೆ 8×42 ಅನ್ನುವ ಅಳತೆ ನೋಡಿ. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಹಾಗಾಗಿ ಬೆಳಗಿನ ಮಂದ ಬೆಳಕಲ್ಲೂ ಚಿತ್ರ ಕಪ್ಪಾಗುವುದಿಲ್ಲ. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಅಂತ ಜಾಹೀರಾತು ನೋಡಿ ಮರುಳಾಗಬೇಡಿ. ಪಟ್ಟು ಜಾಸ್ತಿಯಾದಷ್ಟೂ ಕೈನಡುಕವೂ ಅಷ್ಟೇ ಪಟ್ಟು ಕಾಣುತ್ತದೆ, ಎಲೆ ಮಧ್ಯೆ ಹಕ್ಕಿ ಹುಡುಕುವುದಕ್ಕೆ ಆಗುವುದೇ ಇಲ್ಲ.

ಎರಡನೆಯದು, ಜನ. ಹತ್ತು ಜನರ ಮೇಲೆ ತೆಗೆದುಕೊಳ್ಳುವುದಿಲ್ಲ ಅಂತ ಬರೆದಿದ್ದಾರೆ. ಆ ದಿನ ಒಂದು ಕುಟುಂಬ ಪೂರ್ತಿ ಕೊನೆ ಗಳಿಗೆಯಲ್ಲಿ ಸೇರಿಕೊಂಡು ಹದಿನೈದು ದಾಟಿತು. ಹಿಂದಿದ್ದವರಿಗೆ ಮಾತೂ ಕೇಳಲಿಲ್ಲ, ಹಕ್ಕಿಯೂ ಕಾಣಲಿಲ್ಲ. ದಾರಿಯಲ್ಲಿ ಓಡುವವರು, ಜೋರು ನಡೆಯುವವರು ‘ಸೈಡು ಸೈಡು’ ಅಂತ ಬರುತ್ತಿರುತ್ತಾರೆ, ಅವರದ್ದೂ ತಪ್ಪಿಲ್ಲ, ದಾರಿ ಅವರದ್ದೂ ಹೌದು. ಆದರೆ ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿಕೊಂಡು ನಡೆಯುವವರ ಬಗ್ಗೆ ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಇಯರ್‌ಫೋನ್ ಅಂತ ಒಂದು ವಸ್ತು ಬಂದು ಎಷ್ಟು ಕಾಲ ಆಯಿತು! ಏಳೂವರೆ ಮೇಲೆ ಈ ಗದ್ದಲ ಜಾಸ್ತಿ. ಅದಕ್ಕೇ ಆರೂವರೆ ಅಂದರೆ ಆರೂವರೆಗೇ ಶುರುವಾಗಬೇಕಿತ್ತು, ತಡವಾಗಿ ಬಂದವರಿಗೆ ಕಾಯುತ್ತಾ ಒಳ್ಳೆಯ ಹೊತ್ತು ಕಳೆಯಿತು.

ಮೂರನೆಯದು ನನಗೆ ಮುಖ್ಯ. ನಡಿಗೆ ಮುಗಿದ ಮೇಲೆ ವಾಟ್ಸಾಪಿನಲ್ಲಿ ಹಕ್ಕಿಗಳ ಪಟ್ಟಿ ಕಳಿಸುತ್ತಾರೆ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದ್ದರ ಕೊಂಡಿ. ಪೂರ್ತಿ ಇಂಗ್ಲಿಷಿನಲ್ಲಿ. ದಾರಿಯುದ್ದಕ್ಕೂ ಮಾರ್ಗದರ್ಶಕರು ಸೊಗಸಾಗಿ ಗುಳುಮುಳುಕ, ಹಾವಕ್ಕಿ, ನವರಂಗ ಅಂತ ಕನ್ನಡದಲ್ಲೇ ಹೇಳಿದ್ದರು. ಮಕ್ಕಳು ಆ ಹೆಸರುಗಳನ್ನೇ ಹಿಡಿದುಕೊಂಡು ಆಟ ಆಡುತ್ತಿದ್ದರು. ಮನೆಗೆ ಹೋಗಿ ಪಟ್ಟಿ ನೋಡಿದರೆ ಯಾವುದು ಯಾವುದು ಅಂತ ತಿಳಿಯಲ್ಲ. ಒಂದು ಸಾಲಿನಲ್ಲಿ ಎರಡೂ ಹೆಸರು ಹಾಕುವುದು ದೊಡ್ಡ ಕೆಲಸ ಅಲ್ಲ ಅಲ್ವಾ?

ಕೆಲವು ಕಡೆ ನೀರಿನ ವಾಸನೆ ಇತ್ತು. ಚರಂಡಿ ನೀರು ಬಂದು ಸೇರುತ್ತದೆ ಅನ್ನುವ ದೂರು ಈ ಕೆರೆಯ ಬಗ್ಗೆ ಬಹಳ ಹಳೆಯದು, ನಡಿಗೆ ನಡೆಸುವವರು ಅದಕ್ಕೇನೂ ಮಾಡಲಾರರು. ಸೊಳ್ಳೆಯೂ ಇದೆ, ತೋಳು ಪೂರ್ತಿ ಮುಚ್ಚುವ ಅಂಗಿ ಹಾಕಿಕೊಳ್ಳಿ. ಬೆಳಗ್ಗೆ 16–17 ಡಿಗ್ರಿ ಚಳಿ ಇರುತ್ತದೆ, ಹೇಗಿದ್ದರೂ ಬೇಕು. ಕಣ್ಣಿಗೆ ಹೊಡೆಯುವ ಬಿಳಿ, ಕಿತ್ತಳೆ ಬಣ್ಣ ಬೇಡ.

ತಿಂಡಿ ಚೆನ್ನಾಗಿತ್ತು. ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಸೆಟ್ ದೋಸೆ, ಸಾಗು, ಮೇಲೆ ಬೆಣ್ಣೆ. ಕಾಫಿ ಇನ್ನೊಂದು ಕಪ್ ಕೇಳಿದರೆ ಮುಖ ಗಂಟು ಹಾಕಲ್ಲ. ಹೊಟ್ಟೆ ಹಸಿದಿತ್ತು, ಅದಕ್ಕೂ ಸ್ವಲ್ಪ ಅಂಕ ಜಾಸ್ತಿ ಬಿದ್ದಿರಬಹುದು.

ಹಿರಿಯರನ್ನು ಕರೆದುಕೊಂಡು ಹೋಗಬಹುದು, ದಾರಿ ಸಮತಟ್ಟು, ಕೂರುವುದಕ್ಕೆ ಬೆಂಚುಗಳಿವೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಷ್ಟು ನಿಧಾನದ ನಡಿಗೆ ಕಷ್ಟ, ಹೆಜ್ಜಾರ್ಲೆ ನೋಡಿ ಆದ ಮೇಲೆ ಅವರ ಗಮನ ಐಸ್‌ಕ್ರೀಮಿನ ಕಡೆ.

ಇದನ್ನೆಲ್ಲ ನಾವೇ ಹೋಗಿ ನೋಡಲಾಗದಾ ಅಂತ ಕೇಳುವವರಿಗೆ ನನ್ನ ಉತ್ತರ: ಒಂದು ಸಲ ದುಡ್ಡು ಕೊಟ್ಟು ಹೋಗಿ, ಆಮೇಲೆ ನೀವೇ ಹೋಗಿ. ಕೆರೆ ಬೆಳಗ್ಗೆ ಮತ್ತು ಸಂಜೆ ನಿಗದಿ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತದೆ, ಗೇಟಿನ ಬೋರ್ಡು ನೋಡಿಕೊಳ್ಳಿ. ಮರ್ಲಿನ್ ಅನ್ನುವ ಆ್ಯಪ್ ಫೋನಿಗೆ ಹಾಕಿಕೊಂಡರೆ ಕೂಗು ಕೇಳಿ ಹಕ್ಕಿ ಯಾವುದಿರಬಹುದು ಅಂತ ಹೇಳುತ್ತದೆ, ಪುಕ್ಕಟೆ. ಒಂದೊಂದು ಸಲ ಎಡವುತ್ತದೆ, ಹಾಗಾಗಿ ಅದು ಹೇಳಿದ್ದನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿಕೊಳ್ಳಿ. ಆ್ಯಪ್ ಮಾಡಲಾಗದ ಕೆಲಸ ಒಂದಿದೆ. ‘ಎಲೆಯ ಕೆಳಗಡೆ ನೋಡಿ’ ಅಂತ ಅದು ಹೇಳುವುದಿಲ್ಲ.

ಇಷ್ಟು ಓದಿಯೂ ನಿಮಗೆ ದೊಡ್ಡ ಹಿಂಡೇ ಬೇಕು ಅಂದರೆ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಿ, ಮೈಸೂರಿನಿಂದ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಬರಬಹುದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕುತ್ತಿಗೆಗೆ ಪಟ್ಟಿ ಕಟ್ಟಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿದ್ದೂ ಇದೆ. ಅಲ್ಲಿ ದೂರದಿಂದ ನೋಡಬೇಕು, ನೀರಿನ ಅಂಚಿಗೆ ಇಳಿಯಬಾರದು. ರಂಗನತಿಟ್ಟು ಎಲ್ಲರಿಗೂ ಗೊತ್ತಿರುವುದೇ, 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೂ, ಸೇರಿತು. ದೋಣಿಯಲ್ಲಿ ಕೂತು ಹತ್ತಿರದಿಂದ ನೋಡಬಹುದು, ಭಾನುವಾರ ಮಾತ್ರ ಬೇಡ, ಕ್ಯೂ ನೋಡಿಯೇ ಸಾಕಾಗುತ್ತದೆ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಮಾರ್ಗದರ್ಶಕರಿಗೆ ಮಾತ್ರ ಐದಕ್ಕೆ ಐದು, ಬೈನಾಕ್ಯುಲರಿಗೆ ಒಂದು. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆವರೆಗೆ ಒಳ್ಳೆಯ ಕಾಲ. ಮಾರ್ಚ್‌ನಲ್ಲೂ ಉಲಿಯಕ್ಕಿಗಳು ಇರುತ್ತವೆ, ಆದರೆ ಎಂಟು ಗಂಟೆಗೇ ಬಿಸಿಲು ಸುಡುತ್ತದೆ, ಹಕ್ಕಿಗಳೂ ಸುಮ್ಮನಾಗಿಬಿಡುತ್ತವೆ. ಬುಕ್ ಮಾಡುವ ಮೊದಲು ಫೋನ್ ಮಾಡಿ ಈ ವಾರ ಎಷ್ಟು ಜನ ಅಂತ ಕೇಳಿ. ಹತ್ತಕ್ಕಿಂತ ಜಾಸ್ತಿ ಅಂದರೆ ಮುಂದಿನ ಭಾನುವಾರಕ್ಕೆ ಹಾಕಿಸಿಕೊಳ್ಳಿ, ಹಕ್ಕಿಗಳು ಎಲ್ಲೂ ಹೋಗಿರುವುದಿಲ್ಲ.